ಮನೆಯ ಕಂಪ್ಯೂಟರ್‌ನಲ್ಲಿ ಅಡ್ಮಿನ್ ಖಾತೆಯನ್ನು ಬೇರೆಯಾಗಿಟ್ಟು ಬಳಸುವ ಬಗೆ: ಸಮಗ್ರ ಮಾರ್ಗದರ್ಶಿ

ಹೊಸ ಲ್ಯಾಪ್‌ಟಾಪ್ ಮನೆಗೆ ಬಂದ ದಿನ ವಿಂಡೋಸ್ ಕೇಳುವ ನಾಲ್ಕಾರು ಪ್ರಶ್ನೆಗಳಿಗೆ ಉತ್ತರ ಕೊಟ್ಟು ನಾವು ತೆರೆಯುವ ಮೊದಲ ಖಾತೆಗೆ ಅಡ್ಮಿನಿಸ್ಟ್ರೇಟರ್ ಅಧಿಕಾರ ತಾನಾಗಿಯೇ ಸಿಕ್ಕಿಬಿಡುತ್ತದೆ. ಅದನ್ನು ಯಾರೂ ಕೇಳಿ ಪಡೆದಿರುವುದಿಲ್ಲ, ಬೇಡವೆಂದೂ ಹೇಳಿರುವುದಿಲ್ಲ. ಮುಂದಿನ ಐದಾರು ವರ್ಷ ಅದೇ ಖಾತೆಯಲ್ಲಿ ಮೇಲ್ ನೋಡುತ್ತೇವೆ, ಕರೆಂಟ್ ಬಿಲ್ ಕಟ್ಟುತ್ತೇವೆ, ಮಕ್ಕಳು ಆಟಗಳನ್ನು ಇಳಿಸಿಕೊಳ್ಳುತ್ತಾರೆ, ವಾಟ್ಸ್ಆ್ಯಪ್‌ನಲ್ಲಿ ಬಂದ ಮದುವೆ ಕರೆಯೋಲೆಯ ಫೈಲನ್ನೂ ತೆರೆಯುತ್ತೇವೆ. ಇವುಗಳಲ್ಲಿ ಯಾವುದಕ್ಕೂ ಇಡೀ ಯಂತ್ರವನ್ನು ಬದಲಿಸುವ ಅಧಿಕಾರ ಬೇಕಾಗಿಲ್ಲ. ಆ ಅಧಿಕಾರವನ್ನು ಪ್ರತ್ಯೇಕ ಖಾತೆಯೊಂದಕ್ಕೆ ವರ್ಗಾಯಿಸಿ, ದಿನನಿತ್ಯದ ಖಾತೆಯನ್ನು ಸಾಮಾನ್ಯ ಖಾತೆಯನ್ನಾಗಿ ಮಾಡುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ. ಒಟ್ಟು ಅರ್ಧ ಗಂಟೆಯ ಕೆಲಸ. ಆದರೆ ಹೆಜ್ಜೆಗಳ ಅನುಕ್ರಮ ತಪ್ಪಿದರೆ ಅರ್ಧ ದಿನ ಹೋಗುತ್ತದೆ, ನನಗೆ ಹೋಗಿದೆ.

ವಿವರಣೆಯು ವಿಂಡೋಸ್ 11ನ್ನು ಮುಂದಿಟ್ಟುಕೊಂಡಿದೆ. ವಿಂಡೋಸ್ 10ರಲ್ಲಿಯೂ ಹೆಚ್ಚುಕಡಿಮೆ ಇದೇ ಕ್ರಮವಿದೆ, ಕೆಲವು ಪುಟಗಳ ಹೆಸರು ಮಾತ್ರ ಬೇರೆ. ಅದಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ಇನ್ನೂ ಅದನ್ನೇ ಬಳಸುತ್ತಿರುವವರಿಗೆ ಈ ವ್ಯವಸ್ಥೆಯ ಅಗತ್ಯ ಇನ್ನೂ ಹೆಚ್ಚು.

ಅಡ್ಮಿನ್ ಅಧಿಕಾರವೆಂದರೆ ನಿಜವಾಗಿ ಏನು

ಅಡ್ಮಿನ್ ಖಾತೆಯು ವಿಂಡೋಸ್‌ನ ಸ್ವಂತ ಫೈಲುಗಳನ್ನು ಬದಲಿಸಬಲ್ಲದು, ಪ್ರಿಂಟರ್‌ನಂಥ ಸಾಧನಗಳನ್ನು ನಡೆಸುವ ಡ್ರೈವರ್‌ಗಳನ್ನು ಅಳವಡಿಸಬಲ್ಲದು, ಆ್ಯಂಟಿವೈರಸ್ಸನ್ನು ನಿಲ್ಲಿಸಬಲ್ಲದು, ಇತರ ಬಳಕೆದಾರರ ಪಾಸ್‌ವರ್ಡ್ ಬದಲಿಸಬಲ್ಲದು ಮತ್ತು ಅವರ ಕಡತಗಳನ್ನು ತೆರೆದು ನೋಡಬಲ್ಲದು. ಖಾತೆಗೆ ಏನು ಸಾಧ್ಯವೋ ಆ ಖಾತೆಯಲ್ಲಿ ಪೂರ್ಣ ಅಧಿಕಾರ ಪಡೆದು ಓಡುವ ತಂತ್ರಾಂಶಕ್ಕೂ ಅದೆಲ್ಲ ಸಾಧ್ಯ. ಗಮನಿಸಬೇಕಾದ ಅಂಶ ಇದೇ. ನಾವು ಎಷ್ಟೇ ಜಾಗರೂಕರಾಗಿದ್ದರೂ, ನಮ್ಮ ಹೆಸರಿನಲ್ಲಿ ಓಡುವ ತಂತ್ರಾಂಶ ಜಾಗರೂಕವಾಗಿರಬೇಕೆಂದೇನೂ ಇಲ್ಲ.

ಪ್ರತಿಯೊಂದು ಪ್ರೋಗ್ರಾಮಿಗೂ ಪ್ರತಿಯೊಬ್ಬ ಬಳಕೆದಾರನಿಗೂ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರವಿರಬೇಕು ಎಂಬ ತತ್ತ್ವವನ್ನು ಜೆರೋಮ್ ಸಾಲ್ಟ್ಜರ್ ಮತ್ತು ಮೈಕೆಲ್ ಶ್ರೋಡರ್ 1975ರಲ್ಲಿಯೇ ತಮ್ಮ ಪ್ರಬಂಧದಲ್ಲಿ ನಿರೂಪಿಸಿದ್ದರು. ಮನೆಯ ಕಂಪ್ಯೂಟರ್‌ಗಳಿಗೆ ಅದು ಬಂದದ್ದು ಬಹಳ ನಿಧಾನವಾಗಿ. ವಿಂಡೋಸ್ ಎಕ್ಸ್‌ಪಿಯ ಕಾಲದಲ್ಲಿ ಎಲ್ಲರೂ ಅಡ್ಮಿನ್ನರೇ. 2007ರ ಆರಂಭದಲ್ಲಿ ಜನಸಾಮಾನ್ಯರ ಕೈಗೆ ಬಂದ ವಿಂಡೋಸ್ ವಿಸ್ಟಾದಲ್ಲಿ ಯೂಸರ್ ಅಕೌಂಟ್ ಕಂಟ್ರೋಲ್ ಎಂಬ ವ್ಯವಸ್ಥೆ ಸೇರಿತು. ಪರದೆ ಮಸುಕಾಗಿ, ನಡುವೆ ಪೆಟ್ಟಿಗೆಯೊಂದು ಮೂಡಿ, ಈ ಪ್ರೋಗ್ರಾಮ್ ನಿಮ್ಮ ಕಂಪ್ಯೂಟರ್‌ನಲ್ಲಿ ಬದಲಾವಣೆ ಮಾಡಬಹುದೇ ಎಂದು ಕೇಳುತ್ತದಲ್ಲ, ಅದೇ. ಮುಂದೆ ಇದನ್ನು ಯುಎಸಿ ಎಂದು ಕರೆಯುತ್ತೇನೆ.

ಯುಎಸಿ ಬಂದ ಮೇಲೆ ಅಡ್ಮಿನ್ ಖಾತೆಗೆ ಲಾಗಿನ್ ಆದವರಿಗೂ ವಿಂಡೋಸ್ ಎರಡು ಗುರುತುಚೀಟಿಗಳನ್ನು ಕೊಡುತ್ತದೆ: ಒಂದರಲ್ಲಿ ಅಧಿಕಾರಗಳನ್ನು ಕಳೆದಿರುತ್ತದೆ, ಇನ್ನೊಂದರಲ್ಲಿ ಪೂರ್ತಿ ಇರುತ್ತದೆ. ದಿನದ ಕೆಲಸಗಳೆಲ್ಲ ಮೊದಲನೆಯದರಲ್ಲಿ ನಡೆಯುತ್ತವೆ. ಪೆಟ್ಟಿಗೆಯಲ್ಲಿ ‘ಯೆಸ್’ ಒತ್ತಿದಾಗ ಮಾತ್ರ ಆ ಒಂದು ಪ್ರೋಗ್ರಾಮಿಗೆ ಎರಡನೆಯದು ಸಿಗುತ್ತದೆ. ಹಾಗಿದ್ದರೆ ಪ್ರತ್ಯೇಕ ಖಾತೆ ಏಕೆ ಎಂದು ಕೇಳಬಹುದು. ಒಂದೇ ಖಾತೆಯೊಳಗಿನ ಈ ವಿಂಗಡಣೆಯನ್ನು ಮೈಕ್ರೋಸಾಫ್ಟ್ ತಾನೇ ಪಕ್ಕಾ ಭದ್ರತಾ ಗಡಿಯೆಂದು ಪರಿಗಣಿಸುವುದಿಲ್ಲ. ವಿಂಡೋಸ್‌ನ ಕೆಲವು ಸ್ವಂತ ಪ್ರೋಗ್ರಾಮ್‌ಗಳು ಪೆಟ್ಟಿಗೆ ತೋರಿಸದೆಯೇ ಮೇಲಿನ ಅಧಿಕಾರ ಪಡೆಯುತ್ತವೆ, ಆ ಸಂದಿಯಲ್ಲಿ ನುಸುಳುವ ಮಾಲ್‌ವೇರ್‌ಗಳೂ (ಹಾನಿ ಮಾಡಲೆಂದೇ ಬರೆದ ತಂತ್ರಾಂಶಗಳು) ಇವೆ. ಎರಡನೆಯ ಕಾರಣ ಮನುಷ್ಯ ಸ್ವಭಾವಕ್ಕೆ ಸೇರಿದ್ದು. ‘ಯೆಸ್’ ಒತ್ತುವುದು ಬೆರಳಿಗೆ ಅಭ್ಯಾಸವಾಗಿಬಿಡುತ್ತದೆ. ಪಾಸ್‌ವರ್ಡ್ ಹೊಡೆಯಬೇಕಾದಾಗ ಕೈ ಒಂದು ಕ್ಷಣ ನಿಲ್ಲುತ್ತದೆ, ಆ ಕ್ಷಣದಲ್ಲಿ ಕಣ್ಣು ಪೆಟ್ಟಿಗೆಯ ಮೇಲಿರುವುದನ್ನು ಓದುತ್ತದೆ.

ಆರಂಭಕ್ಕೆ ಮುನ್ನ

ಸೆಟ್ಟಿಂಗ್ಸ್ ತೆರೆದು ಅಕೌಂಟ್ಸ್, ಅಲ್ಲಿಂದ ಯುವರ್ ಇನ್ಫೋ ಪುಟಕ್ಕೆ ಹೋಗಿ. ನಿಮ್ಮ ಹೆಸರಿನ ಕೆಳಗೆ ‘ಅಡ್ಮಿನಿಸ್ಟ್ರೇಟರ್’ ಎಂದಿದ್ದರೆ ಈ ಲೇಖನ ನಿಮಗೇ. ಅಂಗಡಿಯವರೇ ಸಿದ್ಧಪಡಿಸಿ ಕೊಟ್ಟ ಕಂಪ್ಯೂಟರಾದರೆ, ಅವರು ತಮ್ಮ ಅನುಕೂಲಕ್ಕೆ ಪಾಸ್‌ವರ್ಡ್ ಇಲ್ಲದ ಇನ್ನೊಂದು ಅಡ್ಮಿನ್ ಖಾತೆಯನ್ನು ಉಳಿಸಿದ್ದಾರೆಯೇ ಎಂಬುದನ್ನೂ ‘ಅದರ್ ಯೂಸರ್ಸ್’ ಪುಟದಲ್ಲಿ ನೋಡಿಕೊಳ್ಳಿ.

ಡಿಸ್ಕ್ ಎನ್‌ಕ್ರಿಪ್ಟ್ ಆಗಿದ್ದರೆ (ಕೀಯಿಲ್ಲದೆ ಓದಲಾಗದಂತೆ ಗೂಢಲಿಪಿಯಲ್ಲಿದ್ದರೆ), ವಿಂಡೋಸ್‌ನ ಆ ವ್ಯವಸ್ಥೆಯಾದ ಬಿಟ್‌ಲಾಕರ್‌ನ 48 ಅಂಕಿಗಳ ರಿಕವರಿ ಕೀಯನ್ನು ಬರೆದಿಟ್ಟುಕೊಳ್ಳುವುದು ಎರಡನೆಯ ಸಿದ್ಧತೆ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗುವವರಿಗೆ ಅದು ಸಾಮಾನ್ಯವಾಗಿ ಆ ಖಾತೆಯ ಜಾಲಪುಟದಲ್ಲಿ ಸಿಗುತ್ತದೆ. ಈ ಬದಲಾವಣೆಗೆ ಆ ಕೀ ಬೇಕಾಗುವುದಿಲ್ಲ, ಆದರೆ ಎಲ್ಲಿಯಾದರೂ ಎಡವಿ ದುರಸ್ತಿಗೆ ಇಳಿಯಬೇಕಾದರೆ ಅದಿಲ್ಲದೆ ಒಂದು ಫೈಲೂ ಕೈಗೆ ಸಿಗುವುದಿಲ್ಲ. ಮುಖ್ಯವಾದ ಫೋಟೋ ಮತ್ತು ದಾಖಲೆಗಳನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ನಕಲು ಮಾಡಿಡಿ.

ಮೊದಲ ಹೆಜ್ಜೆ: ಹೊಸ ಅಡ್ಮಿನ್ ಖಾತೆಯನ್ನು ತೆರೆಯುವುದು

ಸೆಟ್ಟಿಂಗ್ಸ್‌ನ ಅಕೌಂಟ್ಸ್ ವಿಭಾಗದಲ್ಲಿ ‘ಅದರ್ ಯೂಸರ್ಸ್’ ತೆರೆದು ‘ಆ್ಯಡ್ ಅಕೌಂಟ್’ ಒತ್ತಿ. ವಿಂಡೋಸ್ 10ರಲ್ಲಿ ಈ ಪುಟದ ಹೆಸರು ‘ಫ್ಯಾಮಿಲಿ ಆ್ಯಂಡ್ ಅದರ್ ಯೂಸರ್ಸ್’. ಅದು ಮೊದಲು ಇಮೇಲ್ ವಿಳಾಸ ಕೇಳುತ್ತದೆ; ಕೊಡಬೇಡಿ. ಈ ವ್ಯಕ್ತಿಯ ಸೈನ್‌ ಇನ್ ಮಾಹಿತಿ ನನ್ನಲ್ಲಿಲ್ಲ ಎಂಬ ಅರ್ಥದ ಸಾಲನ್ನು ಒತ್ತಿ, ಮುಂದಿನ ಪುಟದಲ್ಲಿ ಮೈಕ್ರೋಸಾಫ್ಟ್ ಖಾತೆಯಿಲ್ಲದೆ ಬಳಕೆದಾರರನ್ನು ಸೇರಿಸುವ ಆಯ್ಕೆಯನ್ನು ಹಿಡಿಯಿರಿ. ಆಗ ಹೆಸರು, ಎರಡು ಬಾರಿ ಪಾಸ್‌ವರ್ಡ್ ಮತ್ತು ಮೂರು ಭದ್ರತಾ ಪ್ರಶ್ನೆಗಳಿರುವ ಪುಟ ಬರುತ್ತದೆ. ಈ ಖಾತೆಗೆ ಮೇಲ್ ಆಗಲಿ ಆನ್‌ಲೈನ್ ಸಂಪರ್ಕವಾಗಲಿ ಬೇಕಿಲ್ಲದ ಕಾರಣ ಯಂತ್ರದೊಳಗೇ ಇರುವ ಸ್ಥಳೀಯ ಖಾತೆಯೇ ಸರಿ.

ಹೆಸರು ಏನಿದ್ದರೂ ನಡೆಯುತ್ತದೆ. ನಾನು ‘ಮೇಲ್ವಿಚಾರಣೆ’ ಎಂದು ಇಡುತ್ತೇನೆ, ಮನೆಯವರಿಗೆ ಅದು ಯಾರ ಖಾತೆ ಎಂಬ ಗೊಂದಲ ಬರುವುದಿಲ್ಲ. ಪಾಸ್‌ವರ್ಡನ್ನು ಮಾತ್ರ ಖಾಲಿ ಬಿಡಬಾರದು. ಬಿಟ್ಟರೆ ಇಡೀ ಏರ್ಪಾಟಿಗೆ ಅರ್ಥವಿಲ್ಲ. ಇದನ್ನು ತಿಂಗಳಿಗೆ ಎರಡೋ ಮೂರೋ ಬಾರಿ ಹೊಡೆಯಬೇಕಾಗುವುದರಿಂದ, ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದಗಳನ್ನು ಜೋಡಿಸಿದ ಉದ್ದನೆಯ ಪಾಸ್‌ವರ್ಡ್ ಒಳ್ಳೆಯದು.

ಮೂರು ಭದ್ರತಾ ಪ್ರಶ್ನೆಗಳನ್ನು ಹೆಚ್ಚಿನವರು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಲಾಗಿನ್ ಪರದೆಯಲ್ಲಿ ಪಾಸ್‌ವರ್ಡ್ ಒಮ್ಮೆ ತಪ್ಪಾದರೆ ಅದನ್ನು ಬದಲಿಸುವ ಕೊಂಡಿ ಕಾಣಿಸಿಕೊಳ್ಳುತ್ತದೆ, ಈ ಮೂರಕ್ಕೆ ಉತ್ತರ ಕೊಟ್ಟವರು ಹೊಸ ಪಾಸ್‌ವರ್ಡ್ ಇಟ್ಟುಕೊಳ್ಳಬಹುದು. ಹುಟ್ಟಿದ ಊರು ಯಾವುದು, ಸಾಕಿದ ಮೊದಲ ಪ್ರಾಣಿಯ ಹೆಸರೇನು ಎಂಬಂಥ ಪ್ರಶ್ನೆಗಳಿಗೆ ಮನೆಯಲ್ಲಿರುವ ಹದಿನಾಲ್ಕು ವರ್ಷದ ಹುಡುಗನಿಗೆ ನಿಮಗಿಂತ ಚೆನ್ನಾಗಿ ಉತ್ತರ ಗೊತ್ತಿರುತ್ತದೆ. ಆದ್ದರಿಂದ ಪ್ರಶ್ನೆಗೆ ಸಂಬಂಧವೇ ಇಲ್ಲದ ಉತ್ತರಗಳನ್ನು ಕೊಟ್ಟು, ಪಾಸ್‌ವರ್ಡಿನ ಜೊತೆಗೆ ಅವನ್ನೂ ಒಂದು ಚೀಟಿಯಲ್ಲಿ ಬರೆದು, ಮನೆಯ ಪತ್ರಗಳಿರುವ ಬೀರುವಿನಲ್ಲಿಡಿ. ಪಾಸ್‌ವರ್ಡನ್ನು ಕಾಗದದಲ್ಲಿ ಬರೆಯಬಾರದೆಂಬ ಮಾತು ಕಚೇರಿಯ ಮೇಜಿಗೆ ಒಪ್ಪುತ್ತದೆ, ಬೀಗವಿರುವ ಬೀರುವಿಗಲ್ಲ.

ಖಾತೆ ಸಿದ್ಧವಾದ ಮೇಲೆ ಅದೇ ಪುಟದಲ್ಲಿ ಅದರ ಹೆಸರನ್ನು ಒತ್ತಿ, ‘ಚೇಂಜ್ ಅಕೌಂಟ್ ಟೈಪ್’ ಆರಿಸಿ, ಅಡ್ಮಿನಿಸ್ಟ್ರೇಟರ್ ಎಂದು ಬದಲಿಸಿ. ಹೊಸ ಖಾತೆ ಮೊದಲಿಗೆ ಸಾಮಾನ್ಯ ಖಾತೆಯಾಗಿಯೇ ಹುಟ್ಟುವುದರಿಂದ ಇದನ್ನು ಮರೆಯುವಂತಿಲ್ಲ.

ಎರಡನೆಯ ಹೆಜ್ಜೆ: ಹೊಸ ಖಾತೆಯನ್ನು ಪರೀಕ್ಷಿಸುವುದು

ಈಗಿನ ಖಾತೆಯಿಂದ ಸೈನ್ ಔಟ್ ಆಗಿ, ಹೊಸ ಖಾತೆಗೆ ಲಾಗಿನ್ ಆಗಿ, ಯುವರ್ ಇನ್ಫೋದಲ್ಲಿ ಅಡ್ಮಿನಿಸ್ಟ್ರೇಟರ್ ಎಂದಿದೆಯೇ ನೋಡಿ. ಬಳಿಕ ಕಂಪ್ಯೂಟರನ್ನು ಒಮ್ಮೆ ರೀಸ್ಟಾರ್ಟ್ ಮಾಡಿ ಮತ್ತೊಮ್ಮೆ ಲಾಗಿನ್ ಆಗಿ.

ಎರಡು ಸಲ ಏಕೆಂದರೆ, ಕೆಲವು ವರ್ಷಗಳ ಹಿಂದೆ ನಾನು ಈ ಹೆಜ್ಜೆಯನ್ನು ಹಾರಿಸಿದ್ದೆ. ಹೊಸ ಖಾತೆ ತೆರೆಯುವಾಗ ಪಾಸ್‌ವರ್ಡಿನ ಕೊನೆಯ ಮೂರು ಅಂಕಿಗಳನ್ನು ಕೀಬೋರ್ಡಿನ ಬಲಬದಿಯ ಅಂಕಿಗಳ ಗುಂಪಿನಿಂದ ಒತ್ತಿದ್ದೆ; ನಮ್ ಲಾಕ್ ಆಫ್ ಆಗಿತ್ತು. ಒಂದು, ಎರಡು, ಮೂರು ಒತ್ತಿದ್ದು ಅಂಕಿಗಳಾಗದೆ ಕರ್ಸರನ್ನು ಆಚೀಚೆ ಕಳಿಸುವ ಕೀಗಳಾಗಿ, ಪಾಸ್‌ವರ್ಡಿನಲ್ಲಿ ಅಕ್ಷರಗಳಷ್ಟೇ ಉಳಿದಿದ್ದವು. ಎರಡನೆಯ ಬಾರಿಯೂ ಹಾಗೆಯೇ ಒತ್ತಿದ್ದರಿಂದ ಎರಡೂ ತಾಳೆಯಾದವು, ವಿಂಡೋಸ್ ಒಪ್ಪಿಕೊಂಡಿತು. ನಾನು ನಿಶ್ಚಿಂತೆಯಿಂದ ನನ್ನ ಹಳೆಯ ಖಾತೆಯ ಅಧಿಕಾರವನ್ನು ತೆಗೆದುಹಾಕಿದೆ. ಮರುದಿನ ಪ್ರಿಂಟರ್ ಡ್ರೈವರ್ ಹಾಕಲು ಹೋದಾಗ ಪಾಸ್‌ವರ್ಡ್ ಸರಿಯಿಲ್ಲ ಎಂದಿತು. ಯಂತ್ರದಲ್ಲಿದ್ದ ಏಕೈಕ ಅಡ್ಮಿನ್ ಖಾತೆಗೆ ಬೀಗ ಬಿದ್ದಿತ್ತು, ಭದ್ರತಾ ಪ್ರಶ್ನೆಗಳಿಗೆ ನಾನು ಕೊಟ್ಟಿದ್ದ ತಲೆಹರಟೆ ಉತ್ತರಗಳನ್ನು ಎಲ್ಲಿಯೂ ಬರೆದಿಟ್ಟಿರಲಿಲ್ಲ. ಮಧ್ಯಾಹ್ನದವರೆಗೆ ಒದ್ದಾಡಿ, ಕೊನೆಗೆ ಅಂಕಿಗಳನ್ನು ಬಿಟ್ಟು ಹೊಡೆದು ನೋಡುವ ಬುದ್ಧಿ ಬಂದದ್ದು ಅದೃಷ್ಟ.

ಮೂರನೆಯ ಹೆಜ್ಜೆ: ದಿನನಿತ್ಯದ ಖಾತೆಯನ್ನು ಸಾಮಾನ್ಯಗೊಳಿಸುವುದು

ಹೊಸ ಅಡ್ಮಿನ್ ಖಾತೆಯಲ್ಲಿ ಇದ್ದುಕೊಂಡೇ ‘ಅದರ್ ಯೂಸರ್ಸ್’ ಪುಟದಲ್ಲಿ ನಿಮ್ಮ ಹಳೆಯ ಖಾತೆಯನ್ನು ಒತ್ತಿ, ‘ಚೇಂಜ್ ಅಕೌಂಟ್ ಟೈಪ್’ನಲ್ಲಿ ‘ಸ್ಟ್ಯಾಂಡರ್ಡ್ ಯೂಸರ್’ ಆರಿಸಿ. ನಿಮ್ಮ ಕಡತಗಳು, ಡೆಸ್ಕ್‌ಟಾಪ್, ಬ್ರೌಸರ್‌ನಲ್ಲಿ ಉಳಿಸಿದ ಪುಟಗಳು ಇದ್ದಲ್ಲೇ ಇರುತ್ತವೆ. ಬದಲಾಗುವುದು ಅಧಿಕಾರ ಮಾತ್ರ. ನಂತರ ರೀಸ್ಟಾರ್ಟ್ ಮಾಡಿ ಹಳೆಯ ಖಾತೆಗೆ ಮರಳಿ. ಮನೆಯ ಇತರರಿಗೂ ಅವರವರ ಹೆಸರಿನಲ್ಲಿ ಸಾಮಾನ್ಯ ಖಾತೆಗಳನ್ನು ತೆರೆದುಕೊಡಿ. ಎಲ್ಲರೂ ಒಂದೇ ಖಾತೆಯನ್ನು ಬಳಸಿದರೆ ಒಬ್ಬರ ಎಡವಟ್ಟು ಎಲ್ಲರ ಕಡತಗಳಿಗೂ ತಟ್ಟುತ್ತದೆ.

‘ಅಡ್ಮಿನಿಸ್ಟ್ರೇಟರ್’ ಎಂಬುದೇ ಹೆಸರಾಗಿರುವ, ವಿಂಡೋಸ್‌ನೊಳಗೆ ಹುಟ್ಟಿನಿಂದಲೇ ಇರುವ ಖಾತೆಯೊಂದಿದೆ. ವಿಸ್ಟಾದಿಂದೀಚೆಗೆ ಅದು ನಿಷ್ಕ್ರಿಯವಾಗಿಯೇ ಬರುತ್ತದೆ. ಅದನ್ನು ಸಕ್ರಿಯಗೊಳಿಸಿ ಬಳಸುವಂತೆ ಹೇಳುವ ವಿಡಿಯೋಗಳು ಬೇಕಾದಷ್ಟಿವೆ, ಅವುಗಳ ಮಾತು ಕೇಳಬೇಡಿ. ಮೂಲ ಸೆಟ್ಟಿಂಗಿನಲ್ಲಿ ಆ ಖಾತೆಗೆ ಯುಎಸಿ ಅನ್ವಯಿಸುವುದಿಲ್ಲ, ಅಲ್ಲಿ ತೆರೆದ ಪ್ರತಿಯೊಂದು ಪ್ರೋಗ್ರಾಮೂ ಒಂದು ಮಾತೂ ಕೇಳದೆ ಪೂರ್ಣ ಅಧಿಕಾರದಲ್ಲಿ ಓಡುತ್ತದೆ.

ನಾಲ್ಕನೆಯ ಹೆಜ್ಜೆ: ಯುಎಸಿಯ ಮಟ್ಟವನ್ನು ಏರಿಸುವುದು

ಸ್ಟಾರ್ಟ್ ಮೆನುವಿನ ಹುಡುಕುವ ಜಾಗದಲ್ಲಿ ಯುಎಸಿ (UAC) ಎಂದು ಟೈಪ್ ಮಾಡಿದರೆ ‘ಚೇಂಜ್ ಯೂಸರ್ ಅಕೌಂಟ್ ಕಂಟ್ರೋಲ್ ಸೆಟ್ಟಿಂಗ್ಸ್’ ಸಿಗುತ್ತದೆ. ಅಲ್ಲಿ ನಾಲ್ಕು ಮಟ್ಟಗಳ ಒಂದು ಜಾರುಗುಂಡಿಯಿದೆ, ಅದು ಮೊದಲಿಗೆ ಮೇಲಿನಿಂದ ಎರಡನೆಯ ಮಟ್ಟದಲ್ಲಿರುತ್ತದೆ. ತುದಿಗೆ ಏರಿಸಿ. ಅಡ್ಮಿನ್ ಖಾತೆಯಲ್ಲಿ ಕೆಲಸ ಮಾಡುವಾಗ ವಿಂಡೋಸ್‌ನ ಸ್ವಂತ ಪ್ರೋಗ್ರಾಮ್‌ಗಳೂ ಆಗ ಕೇಳಿಯೇ ಮುಂದುವರಿಯುತ್ತವೆ. ತೀರ ಕೆಳಗಿನ ಮಟ್ಟಕ್ಕೆ ಎಂದೂ ಇಳಿಸಬಾರದು. ಅಲ್ಲಿ ಅಡ್ಮಿನ್ ಖಾತೆಯ ಕೋರಿಕೆಗಳೆಲ್ಲ ಸದ್ದಿಲ್ಲದೆ ಮಂಜೂರಾಗುತ್ತವೆ, ಸಾಮಾನ್ಯ ಖಾತೆಯವು ಸದ್ದಿಲ್ಲದೆ ತಿರಸ್ಕೃತವಾಗುತ್ತವೆ.

ಪೆಟ್ಟಿಗೆ ಮೂಡಿದಾಗ ಏನನ್ನು ಓದಬೇಕು

ಇನ್ನು ಮುಂದೆ ನಿಮ್ಮ ಸಾಮಾನ್ಯ ಖಾತೆಯಲ್ಲಿ ಮೂಡುವ ಪೆಟ್ಟಿಗೆ ಬರಿಯ ‘ಯೆಸ್’ ಕೇಳದೆ ಅಡ್ಮಿನ್ ಖಾತೆಯ ಪಾಸ್‌ವರ್ಡನ್ನೋ ಪಿನ್ನನ್ನೋ ಕೇಳುತ್ತದೆ. ಹೊಡೆಯುವ ಮುನ್ನ ನೋಡಬೇಕಾದವು ಇವು.

ಎಲ್ಲಕ್ಕಿಂತ ಮೊದಲು, ಇದನ್ನು ನಾನು ಕರೆದೆನೇ? ಈಗಷ್ಟೇ ಇನ್‌ಸ್ಟಾಲರ್ ಒಂದನ್ನು ಒತ್ತಿದ್ದರೆ ಪೆಟ್ಟಿಗೆ ಬರುವುದು ಸಹಜ. ಸುದ್ದಿ ಓದುತ್ತಿದ್ದಾಗ, ಪತ್ರ ಟೈಪ್ ಮಾಡುತ್ತಿದ್ದಾಗ ಕರೆಯದೆ ಬಂದರೆ ‘ನೋ’ ಒತ್ತಿ. ತಪ್ಪಾಗಿ ನಿರಾಕರಿಸಿದ್ದರೆ ನಷ್ಟವೇನಿಲ್ಲ, ಬೇಕಾದವರು ಮತ್ತೆ ಕೇಳುತ್ತಾರೆ.

ಆಮೇಲೆ ಬಣ್ಣ. ಪೆಟ್ಟಿಗೆಯ ತಲೆಪಟ್ಟಿ ನೀಲಿಯಾಗಿದ್ದರೆ ತಂತ್ರಾಂಶಕ್ಕೆ ಡಿಜಿಟಲ್ ಸಹಿಯಿದೆ, ‘ವೆರಿಫೈಡ್ ಪಬ್ಲಿಷರ್’ ಎಂಬಲ್ಲಿ ಸಂಸ್ಥೆಯ ಹೆಸರಿರುತ್ತದೆ. ಹಳದಿಯಾಗಿದ್ದರೆ ಸಹಿಯಿಲ್ಲ, ‘ಅನ್‌ನೋನ್’ ಎಂದಿರುತ್ತದೆ. ಕೆಂಪಾಗಿದ್ದರೆ ವಿಂಡೋಸ್ ತಾನೇ ತಡೆದಿದೆ. ನೀಲಿ ಬಂದ ಮಾತ್ರಕ್ಕೆ ಅದು ಒಳ್ಳೆಯ ತಂತ್ರಾಂಶವೆಂದು ಅರ್ಥವಲ್ಲ. ಯಾರು ಸಹಿ ಹಾಕಿದ್ದಾರೆಂದಷ್ಟೇ ಅದು ಹೇಳುತ್ತದೆ. ಪಿಡಿಎಫ್ ಓದುವ ತಂತ್ರಾಂಶವೆಂದು ಇಳಿಸಿಕೊಂಡದ್ದಕ್ಕೆ ಎಂದೂ ಕೇಳಿರದ ಸಂಸ್ಥೆಯೊಂದರ ಸಹಿಯಿದ್ದರೆ ಅಲ್ಲಿಗೇ ನಿಲ್ಲಿಸಿ. ‘ಶೋ ಮೋರ್ ಡೀಟೇಲ್ಸ್’ ಒತ್ತಿದರೆ ಆ ಪ್ರೋಗ್ರಾಮ್ ಯಾವ ಫೋಲ್ಡರಿನಿಂದ ಓಡಲು ಹೊರಟಿದೆ ಎಂಬುದೂ ಕಾಣುತ್ತದೆ.

ಇನ್‌ಸ್ಟಾಲರ್‌ನ ಕೊನೆಯ ಪುಟದಲ್ಲಿ ‘ಈಗಲೇ ಪ್ರಾರಂಭಿಸಿ’ ಎಂಬರ್ಥದ ಗುರುತೊಂದು ಹಾಕಿಕೊಂಡೇ ಬಂದಿರುತ್ತದೆ. ಅದನ್ನು ತೆಗೆಯಿರಿ. ಪೂರ್ಣ ಅಧಿಕಾರದಲ್ಲಿರುವ ಪ್ರೋಗ್ರಾಮ್ ಇನ್ನೊಂದನ್ನು ತೆರೆದಾಗ ಅದೇ ಅಧಿಕಾರ ಸಾಮಾನ್ಯವಾಗಿ ಎರಡನೆಯದಕ್ಕೂ ಹರಿಯುತ್ತದೆ. ಮುಗಿಸಿ, ಸ್ಟಾರ್ಟ್ ಮೆನುವಿನಿಂದ ಹೊಸದಾಗಿ ತೆರೆದರೆ ಸಾಮಾನ್ಯ ಅಧಿಕಾರದಲ್ಲೇ ಓಡುತ್ತದೆ.

ಫೋನಿನಲ್ಲಿ ಮಾತನಾಡುತ್ತ ಕಂಪ್ಯೂಟರನ್ನು ದೂರದಿಂದ ಸರಿಪಡಿಸುತ್ತೇನೆನ್ನುವ ಅಪರಿಚಿತರು ಅಡ್ಮಿನ್ ಪಾಸ್‌ವರ್ಡ್ ಹೊಡೆಯಲು ಅಥವಾ ಯುಎಸಿಯನ್ನು ಆಫ್ ಮಾಡಲು ಹೇಳಿದರೆ ಫೋನ್ ಇಡಿ. ಬೇರೆ ವಿವರಣೆ ಬೇಕಿಲ್ಲ.

ಬದಲಾವಣೆಯ ನಂತರ ಎದುರಾಗುವ ತೊಡಕುಗಳು

ಎಲ್ಲದಕ್ಕೂ ಪಾಸ್‌ವರ್ಡ್ ಹೊಡೆಯಬೇಕಾದೀತೆಂಬ ಭಯ ಬಹಳ ಜನರಲ್ಲಿದೆ. ವಿಂಡೋಸ್ ಅಪ್‌ಡೇಟ್, ವೈಫೈ ಜೋಡಣೆ, ಸ್ಟೋರ್‌ನ ಹೆಚ್ಚಿನ ಆ್ಯಪ್‌ಗಳು, ಸಮಯವಲಯ ಬದಲಿಸುವುದು, ಕನ್ನಡ ಕೀಲಿಮಣೆಯನ್ನು ಆರಿಸಿಕೊಳ್ಳುವುದು, ಇವು ಸಾಮಾನ್ಯ ಖಾತೆಯಲ್ಲೇ ನಡೆಯುತ್ತವೆ. ಗಡಿಯಾರ ತಿದ್ದಲು, ಡ್ರೈವರ್ ಹಾಕಲು, ತೆರಿಗೆ ಸಲ್ಲಿಕೆಗೆ ಬಳಸುವ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ನಿನ ತಂತ್ರಾಂಶ ಅಳವಡಿಸಲು ಪಾಸ್‌ವರ್ಡ್ ಬೇಕು.

ಡಿಟಿಪಿ ಕೆಲಸದವರು ಹೆಚ್ಚಾಗಿ ಕೇಳುವುದು ಫಾಂಟ್‌ಗಳ ಬಗ್ಗೆ. ವಿಂಡೋಸ್ 10ರ 1809ನೆಯ ಆವೃತ್ತಿಯಿಂದೀಚೆಗೆ ಸಾಮಾನ್ಯ ಖಾತೆಯವರೂ ತಮ್ಮ ಮಟ್ಟಿಗೆ ಫಾಂಟ್ ಹಾಕಿಕೊಳ್ಳಬಹುದು. ಫೈಲಿನ ಮೇಲೆ ಬಲಗುಂಡಿ ಒತ್ತಿ ‘ಇನ್‌ಸ್ಟಾಲ್’ ಎಂದರೆ ಸಾಕು. ಆದರೆ ಹಳೆಯ ವಿನ್ಯಾಸ ತಂತ್ರಾಂಶಗಳಿಗೆ ಹೀಗೆ ಹಾಕಿದ ಫಾಂಟ್ ಕಾಣದೇ ಇರಬಹುದು, ಆಗ ‘ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್’ ಒತ್ತಿ ಅಡ್ಮಿನ್ ಪಾಸ್‌ವರ್ಡ್ ಕೊಡಬೇಕು.

ಇನ್ನೊಂದು ತೊಡಕು ಮೊದಲ ಸಲ ಎದುರಾದಾಗ ತಲೆ ಕೆಡಿಸುತ್ತದೆ. ಸಾಮಾನ್ಯ ಖಾತೆಯಲ್ಲಿದ್ದು ಅಡ್ಮಿನ್ ಪಾಸ್‌ವರ್ಡ್ ಕೊಟ್ಟಾಗ ಆ ಇನ್‌ಸ್ಟಾಲರ್ ಓಡುವುದು ನಿಮ್ಮ ಹೆಸರಿನಲ್ಲಲ್ಲ, ಅಡ್ಮಿನ್ ಖಾತೆಯ ಹೆಸರಿನಲ್ಲಿ. ಬಳಕೆದಾರರ ಸ್ವಂತ ಫೋಲ್ಡರಿಗೆ ಸೇರಿಕೊಳ್ಳುವ ತಂತ್ರಾಂಶವಾದರೆ ಅದು ಅಡ್ಮಿನ್‌ನ ಫೋಲ್ಡರಿಗೆ ಹೋಗಿ ಕೂರುತ್ತದೆ, ನಿಮ್ಮ ಡೆಸ್ಕ್‌ಟಾಪಿನಲ್ಲಿ ಅದರ ಸುಳಿವೂ ಇರುವುದಿಲ್ಲ. ಅಂಥ ತಂತ್ರಾಂಶಗಳನ್ನು ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಒತ್ತದೆ ನೇರವಾಗಿ ತೆರೆಯಿರಿ. ಎರಡು ಆಯ್ಕೆಗಳಿದ್ದರೆ ‘ಎಲ್ಲ ಬಳಕೆದಾರರಿಗೆ’ ಎಂಬುದನ್ನು ಹಿಡಿಯಿರಿ.

ಅಂಗಡಿಯ ಲೆಕ್ಕಕ್ಕೋ ಬಿಲ್ಲಿಗೋ ಬಳಸುವ ಹಳೆಯ ತಂತ್ರಾಂಶಗಳು ತಮ್ಮ ದತ್ತಾಂಶವನ್ನು ಪ್ರೋಗ್ರಾಮ್ ಫೈಲ್ಸ್ ಫೋಲ್ಡರಿನೊಳಗೇ ಬರೆಯುವುದುಂಟು. ಸಾಮಾನ್ಯ ಅಧಿಕಾರದಲ್ಲಿ ಅಲ್ಲಿ ಬರೆಯಲು ಬಿಡದ ವಿಂಡೋಸ್, ಅವುಗಳ ಮಟ್ಟಿಗೆ ವರ್ಚುವಲ್ ಸ್ಟೋರ್ ಎಂಬ ಗುಪ್ತ ಫೋಲ್ಡರಿನಲ್ಲಿ ಪ್ರತ್ಯೇಕ ಪ್ರತಿಯೊಂದನ್ನು ಬರೆಯಲು ಕೊಡುತ್ತದೆ. ಅಡ್ಮಿನ್ ಆಗಿ ತೆರೆದಾಗ ಒಂದು ಲೆಕ್ಕ, ಹಾಗೆಯೇ ತೆರೆದಾಗ ಇನ್ನೊಂದು ಲೆಕ್ಕ ಕಾಣುವುದು ಇದರಿಂದಲೇ. ಇದಕ್ಕೆ ಪರಿಹಾರವೆಂದು ಆ ತಂತ್ರಾಂಶವನ್ನು ಸದಾ ಅಡ್ಮಿನ್ ಅಧಿಕಾರದಲ್ಲಿ ಓಡಿಸುವುದು ನನಗೆ ಒಪ್ಪಿಗೆಯಿಲ್ಲ. ತಂತ್ರಾಂಶದ ಸೆಟ್ಟಿಂಗಿನಲ್ಲಿ ದತ್ತಾಂಶದ ಜಾಗವನ್ನು ಡಾಕ್ಯುಮೆಂಟ್ಸ್‌ಗೋ ಬೇರೆ ಡ್ರೈವಿಗೋ ಬದಲಿಸುವ ಅವಕಾಶವಿದ್ದರೆ ಅದೇ ಉತ್ತಮ. ಇಲ್ಲದಿದ್ದರೆ ದತ್ತಾಂಶವಿರುವ ಆ ಒಂದು ಫೋಲ್ಡರಿನ ಪ್ರಾಪರ್ಟೀಸ್ ತೆರೆದು, ಸೆಕ್ಯುರಿಟಿ ಪುಟದಲ್ಲಿ ‘ಯೂಸರ್ಸ್’ ಗುಂಪಿಗೆ ‘ಮಾಡಿಫೈ’ ಅನುಮತಿ ಕೊಡಿ. ಇಡೀ ಪ್ರೋಗ್ರಾಮ್ ಫೈಲ್ಸ್‌ಗೆ ಹಾಗೆ ಕೊಡಬೇಡಿ.

ಅಡ್ಮಿನ್ ಖಾತೆಯೊಳಗೆ ಇರುವಾಗ

ಆ ಖಾತೆಗೆ ನೇರವಾಗಿ ಲಾಗಿನ್ ಆಗುವ ಸಂದರ್ಭ ವರ್ಷಕ್ಕೆ ನಾಲ್ಕಾರು ಬಾರಿ ಬರಬಹುದು. ಅಲ್ಲಿ ಮೇಲ್ ಜೋಡಿಸಬೇಡಿ, ಬ್ರೌಸರಿಗೆ ನಿಮ್ಮ ಹೆಸರಿನಲ್ಲಿ ಸೈನ್ ಇನ್ ಆಗಬೇಡಿ, ಜಾಲತಾಣಗಳನ್ನು ಸುತ್ತಬೇಡಿ. ಬೇಕಾದ ಫೈಲನ್ನು ಸಾಮಾನ್ಯ ಖಾತೆಯಲ್ಲೇ ಇಳಿಸಿ, ಪರಿಶೀಲಿಸಿ, ಅಲ್ಲಿಂದ ತನ್ನಿ. ಆಜ್ಞೆಗಳನ್ನು ಟೈಪ್ ಮಾಡುವ ಕಮಾಂಡ್ ಪ್ರಾಂಪ್ಟ್ ಬಳಸುವವರು ಕಿಟಕಿಯ ತಲೆಪಟ್ಟಿಯನ್ನು ನೋಡುವ ಅಭ್ಯಾಸ ಮಾಡಿಕೊಳ್ಳಬೇಕು. ಅಲ್ಲಿ ‘ಅಡ್ಮಿನಿಸ್ಟ್ರೇಟರ್’ ಎಂದಿದ್ದರೆ ಮುಂದೆ ಹೊಡೆಯುವ ಪ್ರತಿಯೊಂದು ಆಜ್ಞೆಗೂ ಪೂರ್ಣ ಅಧಿಕಾರವಿದೆಯೆಂದು ಅರ್ಥ. ಜಾಲದಿಂದ ನಕಲಿಸಿದ ಸಾಲುಗಳನ್ನು ಅರ್ಥವಾಗದೆ ಅಲ್ಲಿ ಅಂಟಿಸಬಾರದು.

ವಿಂಡೋಸ್‌ನ ಬದಲು ಲಿನಕ್ಸ್ ಆಧಾರಿತ ಉಬುಂಟು ಬಳಸುವವರಿಗೆ ಈ ಪಾಠ ಹೊಸದಲ್ಲ. 2004ರ ಅಕ್ಟೋಬರ್‌ನ ಮೊದಲ ಆವೃತ್ತಿಯಿಂದಲೇ ಅದು ರೂಟ್ ಎಂಬ ಪೂರ್ಣಾಧಿಕಾರದ ಖಾತೆಗೆ ಬೀಗ ಹಾಕಿ, ಬೇಕಾದಾಗ ಸುಡೊ ಎಂಬ ಆಜ್ಞೆಯ ಮೂಲಕ ಅಧಿಕಾರ ಪಡೆಯುವ ಕ್ರಮವನ್ನು ಇಟ್ಟುಕೊಂಡಿದೆ. ಮ್ಯಾಕ್‌ನಲ್ಲಿ ರೂಟ್ ಮುಚ್ಚಿರುತ್ತದೆ, ಆದರೆ ಮೊದಲ ಬಳಕೆದಾರ ಅಡ್ಮಿನ್ನೇ. ಅಲ್ಲಿಯೂ ‘ಯೂಸರ್ಸ್ ಆ್ಯಂಡ್ ಗ್ರೂಪ್ಸ್’ನಲ್ಲಿ ಎರಡನೆಯ ಅಡ್ಮಿನ್ ಖಾತೆ ತೆರೆದು, ಅದನ್ನು ಪರೀಕ್ಷಿಸಿ, ನಂತರ ನಿಮ್ಮದರಿಂದ ಆ ಅಧಿಕಾರವನ್ನು ತೆಗೆಯಬಹುದು.

ಸಾಮಾನ್ಯ ಖಾತೆಯಿಂದ ಆಗದಿರುವುದು

ನಿಮ್ಮ ಡಾಕ್ಯುಮೆಂಟ್ಸ್ ಮತ್ತು ಫೋಟೋಗಳನ್ನು ಬದಲಿಸಲು ನಿಮಗೆ ಅಡ್ಮಿನ್ ಅಧಿಕಾರ ಬೇಕಿಲ್ಲ. ನಿಮ್ಮ ಹೆಸರಿನಲ್ಲಿ ಓಡುವ, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್‌ಗೂ ಬೇಕಿಲ್ಲ. ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನು ಕದಿಯುವ ತಂತ್ರಾಂಶದ ಮಾತೂ ಹಾಗೆಯೇ. ಸಾಮಾನ್ಯ ಖಾತೆಯಿದ್ದರೆ ಅಂಥ ತಂತ್ರಾಂಶಕ್ಕೆ ಯಂತ್ರದ ಆಳಕ್ಕೆ ಇಳಿಯುವುದು, ಆ್ಯಂಟಿವೈರಸ್ ನಿಲ್ಲಿಸುವುದು, ಮನೆಯ ಇತರರ ಖಾತೆಗಳಿಗೆ ಕೈಹಾಕುವುದು ಕಷ್ಟವಾಗುತ್ತದೆ. ನಿಮ್ಮ ಸ್ವಂತ ಕಡತಗಳನ್ನು ಉಳಿಸುವುದು ಬ್ಯಾಕಪ್ ಒಂದೇ. ಅದನ್ನು ಮಾಡಿದ ಮೇಲೆ ಹಾರ್ಡ್ ಡಿಸ್ಕನ್ನು ಕಂಪ್ಯೂಟರಿನಿಂದ ಕಿತ್ತು, ಪಾಸ್‌ವರ್ಡಿನ ಚೀಟಿಯಿರುವ ಅದೇ ಬೀರುವಿನಲ್ಲಿಡಿ.